ಬಸ್ಸಿನೊಳಗೊಂದು ಕಕ್ಕಸು

ಹಳೆಯ ಬಸ್ಸನ್ನೋ ಟೆಂಪೊ ಟ್ರಾವೆಲರನ್ನೋ ಕೊಂಡು, ಸೀಟು ಕಿತ್ತು, ಮಂಚ, ಅಡುಗೆಕಟ್ಟೆ, ಸೋಲಾರ್ ಪ್ಯಾನೆಲ್ ಕೂರಿಸಿ ಊರೂರು ಸುತ್ತುವ ಹುಚ್ಚು ನಮ್ಮಲ್ಲೂ ಹಬ್ಬುತ್ತಿದೆ. ಅಂಥವರ ಜೊತೆ ಕೂತರೆ ಬ್ಯಾಟರಿ ಎಷ್ಟು ಆಂಪಿಯರಿನದು, ಫ್ರಿಜ್ ಎಷ್ಟು ಲೀಟರಿನದು, ಹಾಸಿಗೆ ಮಡಚುತ್ತದೆಯೇ ಎಂದು ಗಂಟೆಗಟ್ಟಲೆ ಮಾತು ನಡೆಯುತ್ತದೆ. ಶೌಚಾಲಯದ ವಿಷಯ ಬಂದಾಗ ಮಾತ್ರ ‘ನೀರು ಕಡಿಮೆ ತಗೊಳ್ಳುವ ಒಂದು ಕಮೋಡ್ ಹಾಕಿಸಿದರಾಯಿತು’ ಎಂದು ಮುಗಿಸಿಬಿಡುತ್ತಾರೆ. ನನ್ನ ತಕರಾರು ಈ ‘ಆಯಿತು’ ಎಂಬುದರ ಬಗ್ಗೆ. ಯಾವ ಕಮೋಡ್ ಎಷ್ಟು ನೀರು ತಗೊಳ್ಳುತ್ತದೆ ಎಂದು ಮಾರುವವರೇ ಹೇಳುತ್ತಾರೆ. ಅದರಲ್ಲಿ ತುಂಬಿದ್ದನ್ನು ಯಾರು, ಎಲ್ಲಿ, ಹೇಗೆ ಖಾಲಿ ಮಾಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಆಯ್ಕೆ ನಿಂತಿರುವುದು ಈ ಎರಡನೆಯದರ ಮೇಲೆ.

ಮನೆಯಲ್ಲಿ ನೀರನ್ನು ಒಂದೇ ಸಲ ಎಣಿಸುತ್ತೇವೆ, ಮೀಟರಿನ ಹತ್ತಿರ. ಚರಂಡಿಗೆ ಇಳಿದ ಮೇಲೆ ಅದು ನಮ್ಮದಲ್ಲ. ಬಸ್ಸಿನಲ್ಲಿ ಎರಡು ಸಲ ಎಣಿಸಬೇಕು. ಒಳ್ಳೆಯ ನೀರಿನ ಟ್ಯಾಂಕಿನಿಂದ ಹೋದ ಒಂದು ಲೀಟರ್, ಅಡಿಯಲ್ಲಿರುವ ಇನ್ನೊಂದು ಟ್ಯಾಂಕಿನಲ್ಲಿ ಒಂದು ಲೀಟರ್ ಕೊಳಕಾಗಿ ಕೂತಿರುತ್ತದೆ. ತೂಕವೂ ಹಾಗೇ ಇರುತ್ತದೆ, 200 ಲೀಟರ್ ಎಂದರೆ 200 ಕಿಲೊ. ನಾಲ್ಕು ಜನರ ಸಂಸಾರದ ಲೆಕ್ಕ ನೋಡೋಣ. ದೊಡ್ಡವರೊಬ್ಬರ ಮೂತ್ರ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್. ನಾರು ಹೆಚ್ಚಿರುವ ನಮ್ಮ ಊಟಕ್ಕೆ ಮಲ ಕಾಲು ಕಿಲೊ ಆಸುಪಾಸು. ನಾಲ್ವರದ್ದೂ ಸೇರಿದರೆ ದಿನಕ್ಕೆ 6 ಲೀಟರ್, ಅಷ್ಟೆ. ಈಗಿನ ಮನೆಗಳಲ್ಲಿರುವ ಎರಡು ಗುಂಡಿಯ ಫ್ಲಶ್ ಸಣ್ಣದಕ್ಕೆ 3, ದೊಡ್ಡದಕ್ಕೆ 6 ಲೀಟರ್ ಬಿಡುತ್ತದೆ. ತಲೆಗೆ ಐದು ಸಲ ಸಣ್ಣದು, ಒಂದು ಸಲ ದೊಡ್ಡದು ಎಂದುಕೊಂಡರೆ 84 ಲೀಟರ್. ಆರು ಲೀಟರನ್ನು ದೂಡುವುದಕ್ಕೆ ಎಂಬತ್ತನಾಲ್ಕು! ಸ್ನಾನ, ಅಡುಗೆ ಯಾವುದೂ ಇಲ್ಲದೆ ಬಸ್ಸಿನ ಆ 200 ಲೀಟರಿನ ಟ್ಯಾಂಕು ಮೂರನೆಯ ದಿನ ಮಧ್ಯಾಹ್ನದೊಳಗೆ ಬರಿದು, ಕೆಳಗಿನದು ಭರ್ತಿ.

ಹಾಗಾದರೆ ನಮ್ಮದೇ ನೆಲದ ಜಾಣತನವೊಂದಿದೆಯಲ್ಲ, ಸುಲಭ್ ಮಾದರಿ. ಬಿಂದೇಶ್ವರ ಪಾಠಕ್ 1970ರಲ್ಲಿ ಶುರುಮಾಡಿದ ಸಂಸ್ಥೆ ಹಬ್ಬಿಸಿದ ಆ ಬೇಸಿನ್ನಿನ ಇಳಿಜಾರು ಕಡಿದು, ನೀರಿನ ಮುಚ್ಚಳ ಬರೀ 20 ಮಿಲಿಮೀಟರ್. ಹಾಗಾಗಿ ಚೆಂಬಿನಲ್ಲಿ ಒಂದೂವರೆ–ಎರಡು ಲೀಟರ್ ಸುರಿದರೆ ಸಾಕು, ಎಲ್ಲ ಹೋಗುತ್ತದೆ. ಮನೆಗೆ ಇದಕ್ಕಿಂತ ಒಳ್ಳೆಯದು ಹುಡುಕುವುದು ಕಷ್ಟ. ಬಸ್ಸಿಗೆ ಮಾತ್ರ ಒಗ್ಗುವುದಿಲ್ಲ. ವಾಸನೆ ತಡೆಯುವ ಆ ಎರಡು ಸೆಂಟಿಮೀಟರ್ ನೀರು ಶಿರಾಡಿ ಘಾಟಿಯ ಮೂರನೆಯ ತಿರುವಿನೊಳಗೆ ಕುಲುಕಿ ಖಾಲಿಯಾಗಿ, ಟ್ಯಾಂಕಿನ ಗಾಳಿ ನೇರ ಮಲಗುವ ಕೋಣೆಗೆ ಬರುತ್ತದೆ. ಮೋಟರ್‌ಹೋಮ್‌ಗೆಂದೇ ಮಾಡಿದ ಕಮೋಡುಗಳಲ್ಲಿ ನೀರಿನ ಬಾಗು ಇರುವುದೇ ಇಲ್ಲ. ಕಾಲಲ್ಲಿ ಪೆಡಲ್ ಒತ್ತಿದರೆ ಒಂದು ತಟ್ಟೆ ಸರಿಯುತ್ತದೆ, ಬಿಟ್ಟರೆ ರಬ್ಬರಿನ ಅಂಚಿಗೆ ಬಿಗಿಯಾಗಿ ಕೂರುತ್ತದೆ. ಕೆಳಗೆ ನೇರ ಟ್ಯಾಂಕು. ದೂರ ತಳ್ಳಬೇಕಾದ ಪೈಪೇ ಇಲ್ಲದಿರುವುದರಿಂದ ಅರ್ಧ, ಹೆಚ್ಚೆಂದರೆ ಒಂದು ಲೀಟರ್ ಸಾಕು. ಅಮೆರಿಕದ ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಇರುವುದು ಬಹುಮಟ್ಟಿಗೆ ಇದೇ. ಯೆಲ್ಲೊಸ್ಟೋನಿಗೋ ಗ್ರ್ಯಾಂಡ್ ಕ್ಯಾನಿಯನ್ನಿಗೋ ಬಾಡಿಗೆ ಗಾಡಿಯಲ್ಲಿ ಹೋಗಿಬಂದ ಕನ್ನಡಿಗರನ್ನು ಕೇಳಿ. ಕೈಗವಸು ಹಾಕಿ, ದಪ್ಪ ಕೊಳವೆ ಜೋಡಿಸಿ, ಮೊದಲು ಮಲದ ಟ್ಯಾಂಕು, ಆಮೇಲೆ ಬಚ್ಚಲ ನೀರಿನ ಟ್ಯಾಂಕು ಬಿಡಬೇಕು ಎಂಬ ಪಾಠವನ್ನು ಒಪ್ಪಿಸುತ್ತಾರೆ. ಬಚ್ಚಲ ನೀರು ಕೊನೆಗೆ ಬಂದು ಕೊಳವೆಯನ್ನು ತೊಳೆಯಲಿ ಎಂದು ಆ ಕ್ರಮ. ಆದರೆ ಅಲ್ಲಿ ಕ್ಯಾಂಪುಗಳಲ್ಲಿ, ಎಷ್ಟೋ ಹೆದ್ದಾರಿ ನಿಲ್ದಾಣಗಳಲ್ಲಿ ಇದನ್ನು ಬಿಡಲೆಂದೇ ಒಳಚರಂಡಿಗೆ ಸೇರಿದ ಬಾಯಿ ಇರುತ್ತದೆ. ಹಾಸನದಿಂದ ಹೊಸಪೇಟೆಯವರೆಗೆ ಹೋಗಿ, ಅಂಥದ್ದೊಂದು ಬಾಯಿ ಹುಡುಕಿ ತೋರಿಸಿ ನೋಡೋಣ. 150 ಲೀಟರ್ ಮಲದ ಟ್ಯಾಂಕು ಹೊತ್ತ ಗಾಡಿ ನಮ್ಮಲ್ಲಿ ಕೊನೆಗೆ ಯಾವುದೋ ಹಳ್ಳದ ಬಳಿ ರಾತ್ರಿ ನಿಲ್ಲುತ್ತದೆ ಎಂಬ ನನ್ನ ಅನುಮಾನ ಸುಳ್ಳಾದರೆ ಸಂತೋಷ.

ಈ ತೊಂದರೆಗೆ ಯುರೋಪಿನವರು ಕಂಡುಕೊಂಡ ದಾರಿ ಕ್ಯಾಸೆಟ್. ಥೆಟ್‌ಫೋರ್ಡ್, ಡೊಮೆಟಿಕ್ ಕಂಪನಿಗಳದ್ದು ನಮ್ಮಲ್ಲೂ ಸಿಗುತ್ತದೆ, ಈಗ ಇಲ್ಲಿ ಕಟ್ಟುವ ಗಾಡಿಗಳಲ್ಲಿ ಹೆಚ್ಚು ಕಾಣುವುದೂ ಅದೇ. ಕಮೋಡಿನ ಅಡಿಯಲ್ಲಿ 17–20 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ. ಬಸ್ಸಿನ ಹೊರಮೈಯಲ್ಲಿ ಒಂದು ಪುಟ್ಟ ಬಾಗಿಲು. ತೆಗೆದು, ಕೊಂಡಿ ಬಿಚ್ಚಿ, ಹಿಡಿ ಉದ್ದ ಮಾಡಿ ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಿ ಯಾವುದಾದರೂ ಶೌಚಾಲಯಕ್ಕೆ ಸುರಿಯಬೇಕು. ಸುರಿಯುವಾಗ ಹೆಬ್ಬೆರಳಿನಿಂದ ಗಾಳಿಯ ಗುಂಡಿ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಗುಳುಗುಳು ಎಂದು ಕಾರಿ, ಸುರಿಯುವವರ ಪಾದಕ್ಕೆ ಅಭಿಷೇಕವಾಗುತ್ತದೆ. ಒಂದು ಸಲ ಆದವರು ಮತ್ತೆ ಮರೆಯುವುದಿಲ್ಲ. ಇದರ ಫ್ಲಶ್ಶಿಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಸಾಕು. ಆದರೂ ಲೆಕ್ಕ ಹಾಕಿ: ನಾಲ್ವರ 6 ಲೀಟರ್, ಫ್ಲಶ್ಶಿನ 7, ತೊಳೆದುಕೊಂಡ ನೀರು 4. ಅಲ್ಲಿಗೆ ದಿನಕ್ಕೊಂದು ಕ್ಯಾಸೆಟ್. ಇಬ್ಬರೇ ಇದ್ದರೆ ಎರಡು ದಿನ. ವಾಸನೆಗೆ ಹಾಕುವ ನೀಲಿ ದ್ರಾವಣ ಬೇರೆ. ಹಳೆಯ ನಮೂನೆಯವುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಮಲ ಕೊಳೆಯದಂತೆ ತಡೆಯುವ ಅದೇ ವಸ್ತು ಸುರಿದ ಕಡೆಯ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಪೆಟ್ರೋಲ್ ಬಂಕಿನವರು ಒಳ್ಳೆಯ ಮನಸ್ಸಿನಿಂದ ಅವಕಾಶ ಕೊಟ್ಟರೆ ಅವರ ಪಿಟ್ ಕೆಡಿಸಿ ಬಂದಂತೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ವಿಮಾನದಲ್ಲಿ, ವಂದೇ ಭಾರತ್ ರೈಲಿನಲ್ಲಿ ಕೇಳುವ ‘ಫಟ್’ ಸದ್ದಿನ ನಿರ್ವಾತ ಕಮೋಡಿಗೆ ಅರ್ಧ ಲೀಟರೂ ಬೇಡ. ಆದರೆ ಪಂಪು, ನಿರ್ವಾತದ ಡಬ್ಬ, ಸವೆಯುವ ರಬ್ಬರ್ ಕವಾಟಗಳು ಎಲ್ಲ ಬೇಕು. ಚಿತ್ರದುರ್ಗದಲ್ಲಿ ಕೆಟ್ಟುನಿಂತರೆ ರಿಪೇರಿ ಮಾಡುವವರು ಯಾರು? ಮಲವನ್ನು ಸುಟ್ಟು ಬೂದಿ ಮಾಡುವ ನಾರ್ವೆಯ ಯಂತ್ರಗಳಿವೆ. ಅವು ಬಹಳ ಗ್ಯಾಸನ್ನೋ ಕರೆಂಟನ್ನೋ ತಿನ್ನುತ್ತವೆ, ಒಂದು ಚೆಂಬು ನೀರು ಬಿದ್ದರೆ ಅದನ್ನು ಆವಿ ಮಾಡುವುದಕ್ಕೇ ಒದ್ದಾಡುತ್ತವೆ. ಇನ್ನು ‘ರೈಲಿನಲ್ಲಿದೆಯಲ್ಲ ಸಾರ್, ಬಯೋ ಟಾಯ್ಲೆಟ್’ ಎಂದು ಕೇಳುವವರಿಗೆ ಒಂದು ಮಾತು. ಡಿಆರ್‌ಡಿಒ ತಂತ್ರಜ್ಞಾನದ ಆ ಟ್ಯಾಂಕಿನಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ಕರಗಿಸುತ್ತವೆ, ಉಳಿದ ನೀರು ಹಳಿಯ ಮೇಲೆ ಹೋಗುತ್ತದೆ. ಆ ಶೌಚಾಲಯಗಳು ಕಟ್ಟಿಕೊಳ್ಳುವ ಬಗ್ಗೆ ಮಹಾಲೇಖಪಾಲರ 2017ರ ವರದಿಯಲ್ಲೇ ದೂರುಗಳಿವೆ. ಅದಿರಲಿ, ಬಸ್ಸಿಗೆ ಹಳಿ ಎಲ್ಲಿದೆ? ಹೊರಬರುವ ನೀರನ್ನು ಹೆದ್ದಾರಿಗೆ ಬಿಡುವ ಹಾಗಿಲ್ಲ.

ಇಷ್ಟೂ ಹೊತ್ತು ಫ್ಲಶ್ಶಿನ ಮಾತಾಯಿತು. ನಾವು ಮರೆಯುವುದು ಚೆಂಬಿನ ಮಾತು. ಮೋಟರ್‌ಹೋಮ್ ಲೋಕದಲ್ಲಿ ಈಗ ಹೆಚ್ಚು ಹೊಗಳಿಸಿಕೊಳ್ಳುವುದು ನೀರೇ ಬೇಡದ ಒಣ ಕಮೋಡು. ಅಮೆರಿಕದ ನೇಚರ್ಸ್ ಹೆಡ್, ಸ್ವೀಡನ್ನಿನ ಸೆಪರೆಟ್ ಮುಂತಾದವು. ಕೂತಾಗ ಮೂತ್ರ ಮುಂದಿನ ಜಾರಿನಿಂದ ಒಂದು ಡಬ್ಬಕ್ಕೆ, ಮಲ ಹಿಂದಿನ ಬಕೆಟ್ಟಿಗೆ. ಹಳೆಯ ಸ್ಕೂಲ್ ಬಸ್ಸುಗಳನ್ನು ಮನೆ ಮಾಡಿಕೊಂಡು ಅಲೆಯುವ ಅಮೆರಿಕದವರಲ್ಲಿ ಎಷ್ಟೋ ಮಂದಿ ಇದನ್ನೇ ಮೆಚ್ಚುತ್ತಾರೆ, ಮೆಚ್ಚುವಂಥದ್ದೇ. ಆದರೆ ಅದನ್ನು ಮಾಡಿದವರ ತಲೆಯಲ್ಲಿ ಇದ್ದವರು ಕಾಗದದಿಂದ ಒರೆಸಿಕೊಳ್ಳುವವರು. ನಾವು ಅದೇ ಬಕೆಟ್ಟಿನ ಮೇಲೆ ಕೂತು ತೊಳೆದುಕೊಂಡರೆ ದಿನಕ್ಕೆ ನಾಲ್ಕು ಲೀಟರ್ ನೀರು ಒಣಗಬೇಕಾದ ಮಲಕ್ಕೆ ಬೆರೆತು ಎರಡೇ ದಿನದಲ್ಲಿ ನಾರುವ ಗೊಜ್ಜಾಗುತ್ತದೆ. ‘ಒಂದು ವಾರಕ್ಕೆ ಕಾಗದ ಬಳಸಿದರಾಯಿತಪ್ಪ’ ಎನ್ನುವವರು ಮನೆಯ ಅಜ್ಜಿಗೆ ಹಾಗೆಂದು ಹೇಳಿ ನೋಡಲಿ. ಫ್ಲಶ್ಶಿನಲ್ಲಿ ನೀರು ಉಳಿಸುವ ಬಗ್ಗೆ ಬೇಕಾದಷ್ಟು ಉಪಾಯ ಹೊರಗಿನಿಂದ ಬಂದಿವೆ, ತೊಳೆದುಕೊಳ್ಳುವ ನೀರಿನ ಉಪಾಯ ಅಲ್ಲಿಂದ ಬರಲಾರದು.

ಅದು ಇಲ್ಲೇ ಇದೆ. ತಿರುಚಿನಾಪಳ್ಳಿ ಜಿಲ್ಲೆಯಲ್ಲಿ ಕಾವೇರಿ ದಂಡೆಯ ಮುಸಿರಿಯಲ್ಲಿ ಸ್ಕೋಪ್ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿಸಿದ ಇಕೋಸ್ಯಾನ್ ಶೌಚಾಲಯಗಳಲ್ಲಿ ಬೇಸಿನ್ನಿಗೆ ಮೂರು ದಾರಿ. ಮುಂದೆ ಮೂತ್ರಕ್ಕೆ, ನಡುವೆ ಮುಚ್ಚಳವಿರುವ ತೂತು ಮಲಕ್ಕೆ, ಅದರ ಹಿಂದೆ ತೊಳೆದುಕೊಳ್ಳಲು ಒಂದು ತೊಟ್ಟಿ. ಮುಗಿದ ಮೇಲೆ ಕೂತಲ್ಲೇ ಒಂದು ಹೆಜ್ಜೆ ಹಿಂದೆ ಸರಿದು ತೊಳೆದುಕೊಂಡರೆ ನೀರು ಬೇರೆಯೇ ದಾರಿಯಲ್ಲಿ ಹೋಗುತ್ತದೆ. ಮಲದ ಮೇಲೆ ಒಂದು ಹಿಡಿ ಬೂದಿ. ಬಳಸಿದವರಿಗೇ ದುಡ್ಡು ಕೊಟ್ಟ ಸಾರ್ವಜನಿಕ ಶೌಚಾಲಯ ಎಂದು ಅದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಬೆಂಗಳೂರಿನಲ್ಲೇ, ಮಳೆನೀರು ಸಂಗ್ರಹದ ಕೆಲಸದಿಂದ ಹೆಸರಾದ ಎಸ್. ವಿಶ್ವನಾಥ್ ತಮ್ಮ ಮನೆಯಲ್ಲಿ ಇಕೋಸ್ಯಾನ್ ಇಟ್ಟುಕೊಂಡು ತಾರಸಿಯಲ್ಲಿ ಭತ್ತ ಬೆಳೆದವರು. ಚೆಂಬು ಹಿಡಿದು ಬಯಲಿಗೆ ಹೋಗುತ್ತಿದ್ದ ಕಾಲದವರಿಗೂ ಇದು ಹೊಸತೇನಲ್ಲ. ಕೂತ ಜಾಗದಲ್ಲಿ ಯಾರೂ ತೊಳೆದುಕೊಳ್ಳುತ್ತಿರಲಿಲ್ಲ, ಸರಿದು ಕೂರುತ್ತಿದ್ದರು, ಇಲ್ಲವೇ ಕಾಲುವೆಗೆ ಇಳಿಯುತ್ತಿದ್ದರು. ಬಯಲು ಶೌಚವನ್ನು ಹೊಗಳುವ ಆಸೆ ನನಗಿಲ್ಲ. ಆ ಸರಿದು ಕೂರುವ ಅಭ್ಯಾಸ ಮಾತ್ರ ಬಸ್ಸಿಗೆ ಬೇಕಾದದ್ದು.

ಹೀಗೆ ಮೂರನ್ನೂ ಬೇರೆ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ನಾಲ್ವರಿಗೆ ದಿನಕ್ಕೆ ಬೇಕಾದ ನೀರು ನಾಲ್ಕೈದು ಲೀಟರ್, ಅದೂ ತೊಳೆಯಲು ಮಾತ್ರ. ಇಲ್ಲಿ ಒಂದು ಎಚ್ಚರಿಕೆ: 12 ವೋಲ್ಟಿನ ಪಂಪಿಗೆ ಜೋಡಿಸಿದ ಹೆಲ್ತ್ ಫಾಸೆಟ್ ಅರ್ಧ ನಿಮಿಷದಲ್ಲಿ ಎರಡು ಮೂರು ಲೀಟರ್ ಸುರಿದುಬಿಡುತ್ತದೆ. ಚೆಂಬಿಗೆ ತಳ ಇದೆ, ಫಾಸೆಟ್ಟಿಗೆ ಇಲ್ಲ. ಸಾವಿರಾರು ರೂಪಾಯಿಯ ಕಮೋಡ್ ಉಳಿಸಿದ್ದನ್ನು ಇನ್ನೂರು ರೂಪಾಯಿಯ ಫಾಸೆಟ್ ಕಳೆಯಬಹುದು, ಮುಕ್ಕಾಲು ಲೀಟರಿನ ಚೆಂಬೇ ಇರಲಿ.

ವಾಸನೆಯ ವಿಷಯದಲ್ಲೂ ಗೆಲುವು ಬೇರ್ಪಡಿಸುವುದಕ್ಕೇ. ಮೂತ್ರದಲ್ಲಿರುವ ಯೂರಿಯಾವನ್ನು ಒಡೆಯುವ ಕಿಣ್ವ ಮಲದ ಬ್ಯಾಕ್ಟೀರಿಯಾಗಳಲ್ಲಿದೆ. ಎರಡೂ ಕೂಡಿದ ಕೂಡಲೇ ಅಮೋನಿಯಾ ಏಳುತ್ತದೆ. ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಕಣ್ಣು ಉರಿಸುವ ಘಾಟು ಇದೇ. ಮೂತ್ರವನ್ನು ಮುಚ್ಚಿದ ಡಬ್ಬದಲ್ಲಿಟ್ಟು, ಮಲದ ಮೇಲೆ ಒಣ ಪುಡಿ ಹಾಕಿ, ಕಂಪ್ಯೂಟರಿನಲ್ಲಿರುವಂಥ ಪುಟ್ಟ ಫ್ಯಾನಿನಿಂದ ಗಾಳಿಯನ್ನು ಹೊರಗೆ ಎಳೆದರೆ ವಾಸನೆ ಆಶ್ಚರ್ಯವಾಗುವಷ್ಟು ಕಡಿಮೆ. ಆ ಪುಡಿಯ ಕಥೆ ಸ್ವಾರಸ್ಯದ್ದು. ಅಮೆರಿಕದವರು ತಮ್ಮ ಒಣ ಕಮೋಡಿಗೆ ಹಾಕುವುದು ತೆಂಗಿನ ನಾರಿನ ಪುಡಿಯ ಇಟ್ಟಿಗೆ, ಅದು ಹೋಗುವುದು ಹೆಚ್ಚಾಗಿ ಭಾರತ, ಶ್ರೀಲಂಕಾಗಳಿಂದ. ತಿಪಟೂರು ಸೀಮೆಯವರಿಗೆ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂದರೆ ನಗು ಬಂದೀತು. ಸೌದೆ ಒಲೆಯ ಬೂದಿ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಕ್ಷಾರ ರೋಗಾಣುಗಳಿಗೂ ಕಷ್ಟ. ಮೂತ್ರದ ಪೈಪಿನಲ್ಲಿ ಬಿಳಿ ಹಕ್ಕಳೆ ಕಟ್ಟುವುದು ಮಾತ್ರ ಖಂಡಿತ. ವಾರಕ್ಕೊಮ್ಮೆ ವಿನಿಗರ್ ಬಿಟ್ಟು ತೊಳೆಯದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ.

ಕಂಪನಿಗಳು ಹೇಳದ ಇನ್ನೊಂದು ಸತ್ಯವಿದೆ. ಬಕೆಟ್ಟಿನಲ್ಲಿ ಕೆಲವು ದಿನ ಕೂತ ಮಲ ಗೊಬ್ಬರವಾಗಿರುವುದಿಲ್ಲ, ಒಣಗಿದ ಮಲವಾಗಿರುತ್ತದೆ. ನಿಜವಾಗಿ ಕೊಳೆತು ಬಿಸಿಯೇರಲು ದೊಡ್ಡ ಗುಡ್ಡೆ ಬೇಕು, 20 ಲೀಟರಿನ ಬಕೆಟ್ಟಿನಲ್ಲಿ ಆ ಶಾಖ ಹುಟ್ಟುವುದಿಲ್ಲ. ಜಂತುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವು. ಬರೀ ಶೇಖರಿಸಿಡುವುದಾದರೆ ನಮ್ಮಂಥ ಬೆಚ್ಚಗಿನ ಹವೆಯಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ಅಂದರೆ ಬಸ್ಸಿಗೆ ಮನೆಯಲ್ಲೊಂದು ಜೊತೆಗಾರ ಬೇಕು: ತೋಟದ ಮೂಲೆಯಲ್ಲಿ ಮುಚ್ಚಳವಿರುವ ಎರಡು ಡ್ರಮ್ಮು. ಒಂದು ತುಂಬುತ್ತಿರುವಾಗ ಇನ್ನೊಂದು ಮಾಗುತ್ತಿರಬೇಕು. ತೋಟವಿಲ್ಲದ, ಅಪಾರ್ಟ್‌ಮೆಂಟಿನಲ್ಲಿರುವವರು ಒಣ ಕಮೋಡಿನ ಆಸೆ ಬಿಡುವುದು ಒಳ್ಳೆಯದು. ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿದರೆ ಅದನ್ನು ಬಿಚ್ಚುವುದು ಪೌರಕಾರ್ಮಿಕರ ಕೈ. ಮೂತ್ರದ್ದು ಇಷ್ಟು ಕಷ್ಟವಿಲ್ಲ. ಸಸ್ಯಕ್ಕೆ ಬೇಕಾದ ಸಾರಜನಕ ಇರುವುದು ಹೆಚ್ಚಾಗಿ ಅದರಲ್ಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಸುಕಿನ ಜೋಳದ ಮೇಲೆ ಅದನ್ನು ಗೊಬ್ಬರವಾಗಿ ಹಾಕಿ ಪ್ರಯೋಗ ಮಾಡಿದ್ದಾರೆ. ನೀರು ಬೆರೆಸಿ, ಒಪ್ಪಿದವರ ತೋಟದ ಬಾಳೆ ಬುಡಕ್ಕೆ ಹಾಕಬಹುದು, ಇಲ್ಲವೇ ಯಾವುದೇ ಶೌಚಾಲಯಕ್ಕೆ ಸುರಿಯಬಹುದು. ತೊಳೆದ ನೀರಿನ ಡಬ್ಬವನ್ನೂ ಹಾಗೆಯೇ ಶೌಚಾಲಯಕ್ಕೆ ಸುರಿಯಬಹುದು, ಗಿಡಕ್ಕೆ ಬೇಡ. ರಾಸಾಯನಿಕ ಇಲ್ಲದ್ದರಿಂದ ಬಂಕಿನ ಸೆಪ್ಟಿಕ್ ಟ್ಯಾಂಕಿಗೆ ಯಾವ ನಷ್ಟವೂ ಇಲ್ಲ.

ಈಗ ಯಾರು ಹೊರುತ್ತಾರೆ ಎಂಬ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನಮ್ಮ ದೇಶದಲ್ಲಿ ಅದನ್ನು ಬಿಟ್ಟು ಶೌಚಾಲಯದ ಮಾತು ಆಡುವ ಹಾಗಿಲ್ಲ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದಾಗ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದಾಗಿ ಸುಮಾರು ನಾಲ್ಕು ದಶಕದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮನೆ ಬಿಡಿಸುವುದರ ವಿರುದ್ಧ ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಕನ್ನಡ ಓದುಗರು ಮರೆತಿರಲಾರರು. ಮಲ ಹೊರುವ ಪದ್ಧತಿಯ ವಿರುದ್ಧ ಹೊಸ ಕೇಂದ್ರ ಕಾಯ್ದೆ ಬಂದದ್ದು 2013ರಲ್ಲಿ. ಬಾಡಿಗೆ ಮೋಟರ್‌ಹೋಮಿನ ಕ್ಯಾಸೆಟ್ ಅದರ ವ್ಯಾಪ್ತಿಗೆ ಬರುತ್ತದೆಯೋ ಇಲ್ಲವೋ ಎಂಬುದು ವಕೀಲರಿಗಿರಲಿ. ನನ್ನ ಪ್ರಶ್ನೆ ಸರಳ. ಡ್ರೈವರ್, ಕ್ಲೀನರ್ ಸಮೇತ ಬಾಡಿಗೆಗೆ ಬರುವ ಗಾಡಿಯಲ್ಲಿ ಬೆಳಿಗ್ಗೆ ಎದ್ದು ಆ ಪೆಟ್ಟಿಗೆ ಎಳೆಯುವವರು ಯಾರು? ರಾತ್ರಿ ಅದನ್ನು ತುಂಬಿಸಿದವರಲ್ಲ. ‘ಅವನಿಗೆ ಸ್ವಲ್ಪ ಟಿಪ್ಸ್ ಕೊಡ್ತೀವಿ’ ಎಂಬ ಮಾತಿನಲ್ಲಿ ಎಷ್ಟು ಹಳೆಯ ದುರ್ನಾತ ಇದೆ ಎಂದು ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಅಳತೆಗೋಲು ಇದು: ನೀವೇ ಕೈಯಾರೆ ಖಾಲಿ ಮಾಡಲು ಒಪ್ಪುವ ಶೌಚಾಲಯವನ್ನು ಮಾತ್ರ ಹಾಕಿಸಿಕೊಳ್ಳಿ. ಈ ಅಳತೆಗೆ ಹಿಡಿದರೆ 150 ಲೀಟರಿನ ಟ್ಯಾಂಕು ಮೊದಲೇ ಬಿದ್ದುಹೋಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದಂಥ ಮಲ ಕೆಸರಿನ ಸಂಸ್ಕರಣಾ ಘಟಕ ದಾರಿಯುದ್ದಕ್ಕೂ ಇದ್ದು, ಹೀರುವ ಟ್ಯಾಂಕರಿನವರ ಹಾಗೆ ನಾವೂ ಅಲ್ಲಿಗೆ ಹೋಗಿ ಬಿಡುವಂತಾದರೆ ಮಾತು ಬೇರೆ. ಮೆಜೆಸ್ಟಿಕ್ ನಿಲ್ದಾಣದಲ್ಲಿ ಕೆಎಸ್‌ಆರ್‌ಟಿಸಿ 2020ರಲ್ಲಿ ಗುಜರಿಗೆ ಹೋಗಬೇಕಿದ್ದ ಬಸ್ಸನ್ನು ಹೆಂಗಸರ ಶೌಚಾಲಯ ಮಾಡಿದಾಗ ಎಲ್ಲರೂ ಮೆಚ್ಚಿದರು. ಅದು ನಿಂತ ಬಸ್ಸು. ಓಡುವ ಬಸ್ಸಿಗೆ ನಿಂತ ಬಸ್ಸಿನ ಸುಖವಿಲ್ಲ. ಕ್ಯಾಸೆಟ್ ಈ ಅಳತೆಯಲ್ಲಿ ಅರ್ಧ ಪಾಸು: 20 ಕಿಲೊ ಎತ್ತಬಲ್ಲವರು, ಇಬ್ಬರೇ ಇರುವವರು, ಬಾಡಿಗೆಗೆ ಓಡಿಸುವವರು ಅದನ್ನು ಇಟ್ಟುಕೊಳ್ಳಲಿ, ನೀಲಿ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇಲ್ಲದ್ದನ್ನು ನೋಡಿ ಕೊಳ್ಳಲಿ. ಸ್ವಂತ ಬಸ್ಸು, ಸ್ವಂತ ತೋಟ, ತಿಂಗಳುಗಟ್ಟಲೆ ಓಡಾಟ ಇರುವವರಿಗೆ ಮೂರು ದಾರಿಯ ಒಣ ಕಕ್ಕಸಿಗೆ ಸಮ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಆಕ್ಷೇಪಣೆಗಳಿಲ್ಲವೆಂದಲ್ಲ. ಯಾರಿಗಾದರೂ ಭೇದಿ ಶುರುವಾದರೆ ಒಣ ಬಕೆಟ್ಟಿನ ಶಿಸ್ತೆಲ್ಲ ಕೆಡುತ್ತದೆ. ಸಣ್ಣ ಮಕ್ಕಳು ಮುಂದೆ ಹಿಂದೆ ಎಂದು ಗುರಿಯಿಟ್ಟು ಕೂರುವುದಿಲ್ಲ. ಮಂಡಿನೋವಿನ ಹಿರಿಯರಿಗೆ ಕುಕ್ಕರಗಾಲು ಆಗದು. ಮೊದಲೆರಡಕ್ಕೆ ಸೀಟಿನಡಿ ಒಂದು ಮಡಚುವ ಪುಟ್ಟ ಸ್ಟ್ಯಾಂಡು, ದಪ್ಪ ಕವರು, ಬೂದಿ ಇಟ್ಟುಕೊಳ್ಳುವುದು ಬಿಟ್ಟರೆ ಬೇರೆ ದಾರಿ ಕಾಣೆ. ಮೂರನೆಯದಕ್ಕೆ, ಎತ್ತರದ ಬೇರ್ಪಡಿಸುವ ಸೀಟು ಕೂರಿಸಿ, ಪಕ್ಕದಲ್ಲೇ ಸ್ನಾನದ ನೆಲದ ಮೇಲೆ ತಗ್ಗು ಸ್ಟೂಲೊಂದನ್ನು ತೊಳೆದುಕೊಳ್ಳಲು ಇಟ್ಟರೆ ಆಗುತ್ತದೆ. ಆ ನೆಲದ ನೀರು ಮಾತ್ರ ಸ್ನಾನದ ನೀರಿನ ಟ್ಯಾಂಕಿಗೆ ಹೋಗದೆ ಬೇರೆ ಡಬ್ಬಕ್ಕೆ ಹೋಗುವಂತೆ ಎರಡು ದಾರಿಯ ಕವಾಟ ಬೇಕು. ಪ್ಲಂಬರ್ ಇದನ್ನು ‘ಸುಮ್ನೆ ಖರ್ಚು’ ಎಂದು ತಪ್ಪಿಸಲು ನೋಡುತ್ತಾನೆ, ಬಿಡಬೇಡಿ.

ಇನ್ನು ವರ್ಷಕ್ಕೆ ಮೂರೋ ನಾಲ್ಕೋ ಸಲ, ಎರಡು ರಾತ್ರಿಗೆ ಚಿಕ್ಕಮಗಳೂರು, ಗೋಕರ್ಣ ಎಂದು ಹೋಗಿಬರುವವರು ಶೌಚಾಲಯದ ಜಾಗದಲ್ಲಿ ಬೀರು ಇಟ್ಟುಕೊಳ್ಳುವುದೇ ವಾಸಿ. ರಾತ್ರಿ ಹೊತ್ತಿಗೆ ಮುಚ್ಚಳ ಬಿಗಿಯಾದ ಒಂದು ಮೂತ್ರದ ಡಬ್ಬ, ಹೆಂಗಸರಿಗೆ ಅನುಕೂಲವಾದ ಅಗಲ ಬಾಯಿಯದು, ಸಾಕು. ಬೆಳಿಗ್ಗೆಗೆ ಹೆದ್ದಾರಿ ಹೋಟೆಲು, ಛತ್ರ, ಹೋಮ್‌ಸ್ಟೇ ಇದ್ದೇ ಇವೆ.

ಹಾಕಿಸಲೇಬೇಕು ಎಂದು ತೀರ್ಮಾನಿಸಿದವರು ಬಾಡಿ ಕಟ್ಟುವವರ ಹತ್ತಿರ, ಅವರು ಕರೂರಿನವರಿರಲಿ ಊರಿನವರಿರಲಿ, ಕಮೋಡಿನ ಬಣ್ಣಕ್ಕಿಂತ ಮೊದಲು ಡಬ್ಬ ತೆಗೆಯುವ ಬಾಗಿಲಿನ ಬಗ್ಗೆ ಮಾತಾಡಬೇಕು. ಬಾಗಿಲು ಬಸ್ಸಿನ ಎಡಗಡೆ ಇರಲಿ. ರಸ್ತೆಯಂಚಿಗೆ ನಿಲ್ಲಿಸಿದಾಗ ವಾಹನಗಳ ಕಡೆಗೆ ಬೆನ್ನು ಮಾಡಿ ನಿಲ್ಲಬೇಕಾಗುವುದಿಲ್ಲ. ಮೊಣಕಾಲಿಗಿಂತ ಮೇಲಿದ್ದರೆ ಬಗ್ಗದೆ ಎಳೆಯಬಹುದು. ಒಳಗೆ ಡಬ್ಬ ಕೂರುವ ತಟ್ಟೆಗೆ ಎರಡು ಇಂಚು ಅಂಚು, ಹೊರಗೆ ಕೈತೊಳೆಯಲು ಒಂದು ನಲ್ಲಿ, ಸೋಪಿಗೆ ಒಂದು ಬಟ್ಟಲು.